ಉಪ್ಪು ಯಾವುದೆಂದು ಕೇಳಬಾರದಂತೆ

"ಮೇಡಂ, ನಮ್ಮದು ನೂರಕ್ಕೆ ನೂರು ಹೆಲ್ದಿ ಊಟ. ನೀವು ಹೀಗೆ ವಿಚಾರಣೆ ಮಾಡಿದರೆ ನಾವು ವ್ಯಾಪಾರ ಮಾಡುವುದು ಹೇಗೆ?"

ಕೆಲದಿನಗಳ ಹಿಂದೆ ಫೋನಿನಲ್ಲಿ ಕೇಳಿದ್ದು. ಕಾರವಾರದಲ್ಲಿ ಪಥ್ಯದ ಊಟವನ್ನು ಮನೆ ಬಾಗಿಲಿಗೆ ತಲುಪಿಸುವ ಮಹನೀಯರೊಬ್ಬರ ಮಾತಿದು. ನಾನು ಮಾಡಿದ ವಿಚಾರಣೆ ಇಷ್ಟೇ: ಅಡುಗೆಗೆ ಯಾವ ಉಪ್ಪು ಹಾಕುತ್ತೀರಿ, ಒಂದು ಊಟದಲ್ಲಿ ಎಷ್ಟಿರುತ್ತದೆ?

ಅಪ್ಪನ ವಿಷಯ ಮೊದಲು ಹೇಳುತ್ತೇನೆ. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೈಕೊಟ್ಟಿದೆ, ಡಯಾಲಿಸಿಸ್ ಹಂತ ಬಂದಿಲ್ಲ. ಬಾರದಂತೆ ನೋಡಿಕೊಳ್ಳುವುದೇ ಈಗ ನಮ್ಮ ಮನೆಯ ಮುಖ್ಯ ಉದ್ಯೋಗ. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ನಾನು ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಬರುವುದು ಸಂಜೆ. ಮಧ್ಯಾಹ್ನಕ್ಕೊಂದು ಡಬ್ಬಿ ಗೊತ್ತುಮಾಡೋಣವೆಂದು ಹೊರಟವಳಿಗೆ ತಿಳಿದದ್ದೇನೆಂದರೆ, ಈ ಊರಿನಲ್ಲಿ ತೂಕ ಇಳಿಸಬೇಕೆನ್ನುವವರಿಗೆ ಊಟವಿದೆ, ಕಾಯಿಲೆಯವರಿಗೆ ಇಲ್ಲ.

ಉಪ್ಪಿನ ಪ್ರಶ್ನೆಗೆ ಬಂದ ಉತ್ತರ ಕೇಳಿ. "ನಾವು ಸಾದಾ ಉಪ್ಪು ಮುಟ್ಟುವುದೇ ಇಲ್ಲ, ಎಲ್ಲವೂ ಲೋ ಸೋಡಿಯಂ ಉಪ್ಪು." ಎಷ್ಟು ಹೆಮ್ಮೆ ಆ ಧ್ವನಿಯಲ್ಲಿ! ಆ ಪೊಟ್ಟಣದ ಹಿಂಬದಿಯನ್ನು ಒಮ್ಮೆಯಾದರೂ ಓದಿದ್ದಾರೆಯೇ? ಸೋಡಿಯಂ ಕಡಿಮೆ ಮಾಡಲು ಅದರಲ್ಲಿ ಒಂದಿಷ್ಟು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಗಟ್ಟಿಮುಟ್ಟಾಗಿರುವವರಿಗೆ, ರಕ್ತದೊತ್ತಡದವರಿಗೆ ಅದು ಒಳ್ಳೆಯದೇ ಇರಬಹುದು. ಆದರೆ ಸೋತ ಕಿಡ್ನಿಗೆ ಪೊಟ್ಯಾಸಿಯಂ ಹೊರಹಾಕುವ ಶಕ್ತಿ ಇರುವುದಿಲ್ಲ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ನಿಂತೂ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಬಳಸಬಹುದೆಂದು ಮಾರ್ಗಸೂಚಿ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಅದರಿಂದ ಹೊರಗಿಟ್ಟಿತು. ಇದನ್ನು ಹೇಳಿದರೆ, "ಹಾಗಾದರೆ ಸೈಂಧವ ಲವಣ ಹಾಕಿಸುತ್ತೇನೆ ಬಿಡಿ" ಎಂದರು. ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ ಮಹಾರಾಯರೇ, ಬಣ್ಣ ಮಾತ್ರ ಗುಲಾಬಿ.

ಅವರ ಮೊಬೈಲ್ ಆ್ಯಪ್‌ನಲ್ಲಿ "ನಿಮ್ಮ ನಿರ್ಬಂಧಗಳು" ಎಂಬ ಅಂಕಣವೊಂದಿದೆ. ಆಯ್ಕೆಗಳು: ಸಸ್ಯಾಹಾರ, ಮಾಂಸಾಹಾರ, ಜೈನ್, ಕೀಟೋ, ಖಾರ ಕಡಿಮೆ. ಅಂದರೆ ನನ್ನ ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಅಂಶ) ಕೂಡ ಖಾರ ಬೇಕೋ ಬೇಡವೋ ಎನ್ನುವಷ್ಟೇ ಬಾಯಿರುಚಿಯ ಸಂಗತಿ. ಕೊನೆಯಲ್ಲಿ "ಇತರೆ" ಎಂದು ಖಾಲಿ ಜಾಗ ಬಿಟ್ಟಿದ್ದರು. ಅಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ತುಂಬಿಸಿದೆ. ಮರುದಿನ ಬಂದ ಮಾದರಿ ಡಬ್ಬಿಯಲ್ಲಿ ಮೊಳಕೆ ಕಾಳು, ಪನೀರ್, ಹರಿವೆ ಸೊಪ್ಪಿನ ಪಲ್ಯ, ಕೆಂಪಕ್ಕಿ ಅನ್ನ, ಜೊತೆಗೆ ಉಚಿತವಾಗಿ ಒಂದು ಬಾಟಲಿ ಎಳನೀರು. ಒಂದೊಂದೂ ಬೇಡ ಎಂದು ಬರೆದದ್ದೇ! ಎಳನೀರಿನ 100 ಮಿಲಿಲೀಟರಿನಲ್ಲಿ ಹೆಚ್ಚುಕಡಿಮೆ 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಕರಾವಳಿಯವರಿಗೆ ಅದು ಅಮೃತ, ಒಪ್ಪಿದೆ. ಅಪ್ಪನಿಗಲ್ಲ.

ಪ್ರೋಟೀನ್ ಎಂಬ ಹುಚ್ಚು ಇನ್ನೊಂದು. ಯಾರ ಕರಪತ್ರ ನೋಡಿದರೂ "ಹೈ ಪ್ರೋಟೀನ್" ಎಂದು ದಪ್ಪಕ್ಷರದಲ್ಲಿ. ಅಪ್ಪನ ಹಂತದಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಸಾಕು. 58 ಕಿಲೋದ ಮನುಷ್ಯನಿಗೆ 46 ಗ್ರಾಂ. ಅದರಲ್ಲಿ ಎಷ್ಟು ನಿಮ್ಮ ಡಬ್ಬಿಯಲ್ಲಿದೆ ಎಂದು ಹೇಳಿದರೆ ಉಳಿದದ್ದನ್ನು ನಾನು ರಾತ್ರಿಗೆ ಹೊಂದಿಸಿಕೊಳ್ಳುತ್ತೇನೆ. ಹೇಳುವವರಿಲ್ಲ. ಬಿಳಿ ಅನ್ನವೇ ಇರಲಿ, ಅಳತೆ ಮೀರದಿರಲಿ ಎಂದು ನಮ್ಮ ಡಯಟಿಷಿಯನ್ ಹೇಳಿದ್ದಾರೆ ಎಂದರೆ, ಆ ಮಹನೀಯರು ನನಗೇ ಸಿರಿಧಾನ್ಯದ ಮಹಿಮೆ ಬೋಧಿಸಿದರು.

ನೀವು ಕೇಳಬಹುದು, ಪಾಪ ಸಣ್ಣ ವ್ಯಾಪಾರ, ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಒಲೆ ಹಚ್ಚಲಾದೀತೇ ಎಂದು. ಕಾನೂನು ಕೂಡ ಅವರ ಪರವಾಗಿಯೇ ಇದೆ: ಊಟದ ಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕಾದದ್ದು ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಕಡೆ ಮಳಿಗೆ ಇಟ್ಟಿರುವ ದೊಡ್ಡವರು ಮಾತ್ರ. ಸರಿ. ನಾನೇನು ಬೇರೆ ಒಲೆ ಕೇಳಿದೆನೇ? ಏನು ಹಾಕಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಲು ಎಷ್ಟು ಬಂಡವಾಳ ಬೇಕು? "ಮಧುಮೇಹ, ಬಿಪಿ, ಕಿಡ್ನಿ, ಎಲ್ಲಕ್ಕೂ ಸೂಕ್ತ" ಎಂದು ಕರಪತ್ರ ಅಚ್ಚು ಹಾಕಿಸಲು ದುಡ್ಡು ಸಿಕ್ಕಿತಲ್ಲ! ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ 14 ಅಂಕಿಯ ಸಂಖ್ಯೆ ಕೊಡಿ ಎಂದೆ. "ಪ್ರೊಸೆಸ್‌ನಲ್ಲಿದೆ" ಎಂದರು. ಅದು ಚಿಕ್ಕವರಿಗೂ ಕಡ್ಡಾಯ, ಸ್ವಾಮಿ.

ಸಿಟ್ಟಿಗೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಅಪ್ಪ ಅಂಕೋಲೆಯವರು. 1930ರಲ್ಲಿ ಊರಿಗೆ ಊರೇ ಉಪ್ಪು ಮಾಡಿ ಬ್ರಿಟಿಷರ ಕಾನೂನು ಮುರಿದ ನೆಲದವರು. ಸಾಣಿಕಟ್ಟೆಯ ಉಪ್ಪು, ಒಣಮೀನು, ಮಾವಿನ ಮಿಡಿ ಇಷ್ಟರಲ್ಲೇ ಎಪ್ಪತ್ತು ವರ್ಷ ಉಂಡವರಿಗೆ ಈಗ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ದಾಟಬೇಡಿ ಎಂದು ನಾನು ಚಮಚ ಹಿಡಿದು ಕಾವಲು ಕಾಯುತ್ತೇನೆ. ಅವರು ಒಂದು ಮಾತೂ ಆಡದೆ ಉಣ್ಣುತ್ತಾರೆ. ಜಗಳವಾಡಿದ್ದರೆ ನನಗೆ ಸಮಾಧಾನವಿರುತ್ತಿತ್ತು. ನಾನೋ, ಒಣ ಸಿಗಡಿ ಚಟ್ನಿಯನ್ನು ಬ್ಯಾಂಕಿನ ಊಟದ ಕೋಣೆಯಲ್ಲಿ ಕದ್ದು ತಿಂದು, ಕೈಯನ್ನು ಮೂರು ಸಲ ಸೋಪಿನಿಂದ ತೊಳೆದು ಮನೆಗೆ ಬರುತ್ತೇನೆ. ಹೀಗಿರುವಾಗ ಯಾರೋ ಬಂದು, ಅಪ್ಪ ಇಷ್ಟೆಲ್ಲ ಬಿಟ್ಟದ್ದನ್ನು ಒಂದೇ ಡಬ್ಬಿಯಲ್ಲಿ ನೀರುಪಾಲು ಮಾಡಿದರೆ ನಾನು ಸುಮ್ಮನಿರಬೇಕೇ? ಕಿಡ್ನಿ ತಜ್ಞರನ್ನು ಕಾಣಲು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವ ಜಿಲ್ಲೆ ನಮ್ಮದು. ರಾತ್ರಿ ಹೆಚ್ಚುಕಡಿಮೆಯಾದರೆ ಈ ಹೆಲ್ದಿಯವರು ಗಾಡಿ ಕಳಿಸುತ್ತಾರೆಯೇ?

ವಿಚಾರಿಸಿದವರ ಪೈಕಿ ನನಗೆ ಗೌರವ ಹುಟ್ಟಿಸಿದವರು ಇಬ್ಬರು. ಒಬ್ಬರು ಪಟ್ಟಿ ಪೂರ್ತಿ ಕೇಳಿಸಿಕೊಂಡು, "ಇದು ನಮ್ಮಿಂದಾಗದು, ಒಪ್ಪಿಕೊಂಡರೆ ನಿಮಗೆ ಮೋಸ ಮಾಡಿದಂತಾಗುತ್ತದೆ" ಎಂದರು. ಇನ್ನೊಬ್ಬರು ಕಾಜುಬಾಗದ ಕಡೆ ಚಿಕ್ಕ ಖಾನಾವಳಿ ನಡೆಸುವ ಬಾಯಿ, ಅಂದರೆ ಹೆಣ್ಣುಮಗಳು. ಕರಪತ್ರವೂ ಇಲ್ಲ, ಮೊಬೈಲ್ ಆ್ಯಪ್ ಕೂಡ ಇಲ್ಲ. ನೋಂದಣಿ ಪತ್ರ ಮಾತ್ರ ಗೋಡೆಯ ಮೇಲಿದೆ. "ಪೊಟ್ಯಾಸಿಯಂ ಗಿಟ್ಯಾಸಿಯಂ ನನಗೆ ತಿಳಿಯದು ಬಾಯಿ. ಏನು ಹಾಕಬಾರದು ಎಂದು ಬರೆದು ಕೊಡಿ, ಹಾಕುವುದಿಲ್ಲ" ಎಂದರು. ಬರೆದು ಕೊಟ್ಟೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ಒಂದಿಷ್ಟು ಇಳಿಯುತ್ತದೆ ಎಂದಾಗ, "ಸಾರ ಚೆಲ್ಲುವುದೇ?" ಎಂದು ಮುಖ ಕಿವುಚಿದರು. ಆದರೆ ಚೆಲ್ಲುತ್ತಿದ್ದಾರೆ. ಅಪ್ಪನ ಪಾಲಿನ ಮೀನನ್ನು ಉಪ್ಪು ಹಾಕುವ ಮೊದಲೇ ತೆಗೆದಿಡುತ್ತಾರೆ, ತುಂಡು ಎಷ್ಟು ದೊಡ್ಡದಿರಬೇಕೆಂದು ನನ್ನ ಕೈಯಲ್ಲೇ ತೋರಿಸಿಕೊಂಡಿದ್ದಾರೆ. ಮುಂದಿನ ರಕ್ತ ಪರೀಕ್ಷೆಯವರೆಗೆ ಇದೇ ವ್ಯವಸ್ಥೆ. ವರದಿ ನೋಡಿಕೊಂಡು ಮುಂದುವರಿಸುವ ಮಾತು.

ಕುಮಟಾದ ಕಡೆ ಇಂಥವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ನಮ್ಮ ಚಿಕ್ಕಮ್ಮನಿಗೂ ಡಬ್ಬಿ ಬೇಕಾಗಿದೆ. ಅವರಿಗೆ ಡಯಾಲಿಸಿಸ್ ನಡೆಯುತ್ತಿದೆ, ಹಾಗಾಗಿ ಪ್ರೋಟೀನ್ ಅಪ್ಪನಿಗಿಂತ ಹೆಚ್ಚು ಬೇಕು, ನೀರಿಗೂ ಅಳತೆಯಿದೆ. ಮೇಲೆ ಬರೆದದ್ದನ್ನು ನಕಲು ಮಾಡಿ ಆ ಡಬ್ಬಿಯವರಿಗೆ ಕಳಿಸಬೇಡಿ. ಚಿಕ್ಕಮ್ಮನ ಪಟ್ಟಿಯೇ ಬೇರೆ, ಕೇಳಿದವರಿಗೆ ಪ್ರತ್ಯೇಕವಾಗಿ ಕಳಿಸುತ್ತೇನೆ.