ಗಿಟಾರಿನ ಆಟಕ್ಕೆ ಹೊರಟವರು

ನಮ್ಮ ಊರಿಗೆ ದೊಡ್ಡ ರಾಕ್ ಬ್ಯಾಂಡ್ ಯಾವುದೂ ಬರುವುದಿಲ್ಲ. ಬಂದರೆ ನಿಲ್ಲಿಸಲು ಜಾಗವೂ ಇಲ್ಲ ಬಿಡಿ. ಬದಿಯಡ್ಕದ ಸುತ್ತಮುತ್ತ ರಾತ್ರಿ ಹೊತ್ತು ಜೋರಾಗಿ ಕೇಳಿಸುವುದು ಅಂದರೆ ಆಟದ, ಅಂದರೆ ಯಕ್ಷಗಾನದ ಚೆಂಡೆ, ಕೋಲದ ತಾಸೆ, ಜಾತ್ರೆಯ ಗಾನಮೇಳ. ಅಷ್ಟು ಸಾಕು ಅನ್ನುವವರು ಊರಿನಲ್ಲಿ ಜಾಸ್ತಿ. ನನ್ನಂಥ ಕೆಲವರು ಮಾತ್ರ ಕಪ್ಪು ಟೀ ಶರ್ಟ್ ಹಾಕಿಕೊಂಡು, ಕಣ್ಣೂರಿನಿಂದ ಬರುವ ಬೆಂಗಳೂರು ಗಾಡಿಗಾಗಿ ಸಂಜೆ ಕಾಸರಗೋಡು ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತೇವೆ. ನನ್ನ ಟೀ ಶರ್ಟಿನ ಮೇಲೆ ಐರನ್ ಮೇಡನ್ ಎಂಬ ರಾಕ್ ಬ್ಯಾಂಡಿನ ಗುರುತಿನ ಭೂತ ಎಡ್ಡಿ ಇದ್ದಾನೆ. ಮೂಳೆ, ಹಲ್ಲು, ಉರಿಯುವ ಕಣ್ಣು. ಒಮ್ಮೆ ಪಕ್ಕದ ಬೆಂಚಿನಲ್ಲಿದ್ದ ಅಮ್ಮನವರೊಬ್ಬರು ಅದನ್ನು ತುಂಬಾ ಹೊತ್ತು ನೋಡಿ, "ಎಂತ ಮಗಾ, ಡಾಕ್ಟರಿಗೆ ಕಲಿಯುವುದಾ?" ಎಂದು ಕೇಳಿದರು. ಹೌದು ಅಂದುಬಿಟ್ಟೆ. ವಿವರಿಸಲು ಹೋದರೆ ಗಾಡಿ ತಪ್ಪುತ್ತಿತ್ತು.

ಮನೆಯಲ್ಲಿ ಮಾವನ ಪ್ರಶ್ನೆ ಬೇರೆ. "ಅದೆಲ್ಲ ಮೊಬೈಲಲ್ಲೇ ಉಂಟಲ್ಲ ಮಾರಾಯ. ಗೊತ್ತಿದ್ದ ಪದ್ಯವನ್ನೇ ಕೇಳ್ಲಿಕ್ಕೆ ಬೆಂಗಳೂರಿಗೆ ಹೋಗುದಾ?"

ಈ ಪ್ರಶ್ನೆ ಕೇಳಲು ಮಾವನಿಗೆ ಹಕ್ಕೇ ಇಲ್ಲ ಅಂತ ನನ್ನ ವಾದ. ಕಟೀಲು ಮೇಳದವರ ದೇವಿ ಮಹಾತ್ಮೆ ಹತ್ತು ಮೈಲಿ ಆಚೆ ಇದ್ದರೂ ಇವರು ಅಲ್ಲಿ ಹಾಜರು. ಮಹಿಷಾಸುರ ಕಡೆಗೆ ಸಾಯುತ್ತಾನೆ ಅಂತ ಇವರಿಗೆ ಗೊತ್ತಿಲ್ಲವೇ? ಗೊತ್ತು. ಆದರೂ ಅಷ್ಟು ಹೊತ್ತು ಕುರ್ಚಿಯಲ್ಲಿ ತೂಕಡಿಸಿ, ದೊಂದಿ ಹಿಡಿದು ಮಹಿಷಾಸುರ ಜನರ ನಡುವಿನಿಂದ ನುಗ್ಗಿ ಬರುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಾರೆ. ಯಾರೂ ಎಬ್ಬಿಸಬೇಕಾಗಿಲ್ಲ. ಬೀಡಿ ಹೊಗೆ, ದೊಂದಿಯ ಕಿಡಿ, ಚೆಂಡೆಯ ಪೆಟ್ಟು, ಮಕ್ಕಳ ಕೂಗು. ಮರುದಿನ ಚಾವಡಿಯಲ್ಲಿ ಕೂತು, "ನಿನ್ನೆಯ ಮಹಿಷಾಸುರ ಹೋದ ವರ್ಷದವನಷ್ಟು ಆಗ್ಲಿಲ್ಲ" ಎಂದು ತೀರ್ಪು ಕೊಡುತ್ತಾರೆ. ನಾನು ಬೆಂಗಳೂರಿನಿಂದ ಬಂದು ಹೇಳುವುದೂ ಇದೇ ಅಲ್ವಾ? ಮಹಿಷಾಸುರನ ಜಾಗದಲ್ಲಿ ಡ್ರಮ್ಮರ್ ಅಂತ ಹಾಕಿಕೊಂಡರೆ ಆಯಿತು.

ಮಾವನ ಹತ್ತಿರ ಒಂದು ಹಳೆಯ ಟೇಪ್ ರೆಕಾರ್ಡರ್ ಇತ್ತು. ಆಟಕ್ಕೆ ಹೋದರೆ ರಂಗಸ್ಥಳದ ಎದುರು ನೆಲದ ಮೇಲೆ ಅದನ್ನಿಟ್ಟು, ಆಟವನ್ನು ಹಾಡಿ ನಡೆಸುವ ಭಾಗವತರ ಪದ್ಯ ಶುರುವಾದ ಕೂಡಲೇ ಕೆಂಪು ಗುಂಡಿ ಒತ್ತುತ್ತಿದ್ದರು. ಕ್ಯಾಸೆಟ್ ತಿರುಗಿಸಿ ಹಾಕುವಾಗ ನಡುವಿನ ಎರಡು ಸಾಲು ಹೋಗುತ್ತಿತ್ತು. ಆ ಕ್ಯಾಸೆಟ್ಟುಗಳು ಊರೂರು ತಿರುಗಿ, ಕೆಲವು ವಾಪಸ್ ಬಂದವು, ಕೆಲವು ಬರಲಿಲ್ಲ. ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ಬ್ಯಾಂಡಿನ ಅಭಿಮಾನಿಗಳೂ ಇದನ್ನೇ ಮಾಡುತ್ತಿದ್ದರು. ಊರಿಂದೂರಿಗೆ ಬ್ಯಾಂಡಿನ ಹಿಂದೆ ಹೋಗುವುದು, ಮೈಕ್ ಎತ್ತಿ ಹಿಡಿದು ರೆಕಾರ್ಡ್ ಮಾಡುವುದು, ಕ್ಯಾಸೆಟ್ ಹಂಚುವುದು. ಬೇರೆ ಬ್ಯಾಂಡಿನವರಾದರೆ ಓಡಿಸುತ್ತಿದ್ದರು. ಇವರು ಓಡಿಸಲಿಲ್ಲ. 1984ರಲ್ಲಿ ಸೌಂಡ್ ಬೋರ್ಡಿನ ಹಿಂದೆ ರೆಕಾರ್ಡ್ ಮಾಡುವವರಿಗೆಂದೇ ಜಾಗ ಬಿಟ್ಟುಕೊಟ್ಟರು. ಕಾರಣ ಇತ್ತು. ಆ ಬ್ಯಾಂಡ್ ಒಂದು ರಾತ್ರಿ ನುಡಿಸಿದ್ದನ್ನು ಮರುರಾತ್ರಿ ಹಾಗೇ ನುಡಿಸುತ್ತಿರಲಿಲ್ಲ. ಹಾಡಿನ ಪಟ್ಟಿ ಬದಲು, ಹಾಡಿನ ಉದ್ದ ಬದಲು, ನಡುವಿನ ಗಿಟಾರ್ ಎಲ್ಲಿಗೆ ಹೋಗಿ ಎಲ್ಲಿ ಸೇರುತ್ತದೆ ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ. ನಮ್ಮ ವೇಷಧಾರಿಗಳ ಅರ್ಥಗಾರಿಕೆಯೂ ಹಾಗೇ ತಾನೇ? ಕಥೆ ಒಂದೇ, ಮಾತು ಆಯಾ ರಾತ್ರಿಯದ್ದು. ಇದನ್ನು ಮಾವನಿಗೆ ಹೇಳಿದೆ. "ಅಂಬಗ (ಹಾಗಾದ್ರೆ) ಅವರು ಬುದ್ಧಿವಂತರು" ಅಂದರು. ಪ್ರಶ್ನೆ ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಎಲ್ಲಾ ಬ್ಯಾಂಡುಗಳೂ ಹಾಗಲ್ಲ, ಅದು ಬೇರೆ ಮಾತು. ಕೆಲವರು ಲಂಡನ್ನಿನಲ್ಲಿ ನುಡಿಸಿದ್ದನ್ನೇ, ಅದೇ ಕ್ರಮದಲ್ಲಿ, ಅದೇ ಜೋಕಿನ ಸಮೇತ ನಮಗೂ ಬಡಿಸುತ್ತಾರೆ. ಹಿಂದಿನ ಊರಿನ ಹಾಡಿನ ಪಟ್ಟಿಯನ್ನು ಮೊದಲೇ ಹುಡುಕಿ ಓದಿಕೊಂಡು ಬರುವ ಗೆಳೆಯರೂ ಇದ್ದಾರೆ. "ಇನ್ನು ಮೂರು ಹಾಡು ಆದ ಮೇಲೆ ಅದು" ಎಂದು ಕಿವಿಯಲ್ಲಿ ಹೇಳುತ್ತಾರೆ. ಇಂಥವರ ಪಕ್ಕ ನಾನು ನಿಲ್ಲುವುದಿಲ್ಲ.

ಶೋ ಶುರುವಾಗುವ ಮುಂಚಿನ ಹೊತ್ತು ನನಗೆ ತುಂಬಾ ಇಷ್ಟ. ಆಟದ ದಿನ ಸಂಜೆ ಚೆಂಡೆ ಮದ್ದಳೆ ಸೇರಿಸಿ 'ಕೇಳಿ' ಬಾರಿಸುತ್ತಾರೆ, ಇವತ್ತು ಆಟ ಉಂಟು ಅಂತ ಊರಿಗೆ ಸಾರುವ ಪೆಟ್ಟು ಅದು. ಗುಡ್ಡದ ಆಚೆಯ ಮನೆಯಲ್ಲಿ ಊಟಕ್ಕೆ ಕೂತವರೂ ಅದನ್ನು ಕೇಳಿ ಬೇಗ ಬೇಗ ಉಣ್ಣುತ್ತಾರೆ. ಐರನ್ ಮೇಡನ್ ಅವರಿಗೂ ಒಂದು 'ಕೇಳಿ' ಉಂಟು. ಯುಎಫ್ಒ ಎಂಬ ಹಳೆಯ ಬ್ಯಾಂಡಿನ 'ಡಾಕ್ಟರ್ ಡಾಕ್ಟರ್' ಹಾಡು. ಅಲ್ಲಿಯವರೆಗೆ ಸ್ಪೀಕರಿನಲ್ಲಿ ಏನೇನೋ ಹಾಡು ಹೋಗುತ್ತಿರುತ್ತದೆ, ಯಾರೂ ಗಮನಿಸುವುದಿಲ್ಲ. ಈ ಹಾಡು ಬಂದದ್ದೇ ತಡ, ಗೊತ್ತಿದ್ದವರು ಕೂಗುತ್ತಾರೆ, ಗೊತ್ತಿಲ್ಲದವರು ಅವರ ಮುಖ ನೋಡುತ್ತಾರೆ. ಮೆಟಾಲಿಕಾ ಬ್ಯಾಂಡಿನವರು 1983ರಿಂದ ಎನ್ಯೋ ಮೊರಿಕೋನೆಯ ಸಂಗೀತ ಹಾಕಿಕೊಂಡು ಸ್ಟೇಜಿಗೆ ಬರುತ್ತಾರೆ. ಕುದುರೆ, ಬಂದೂಕು, ಟೋಪಿಯ ಒಂದು ಹಳೆಯ ಸಿನಿಮಾದ ಸಂಗೀತ ಅದು. ಅದು ಮುಗಿಯುವ ಹೊತ್ತಿಗೆ ಮೈದಾನಕ್ಕೆ ಮೈದಾನವೇ ತುದಿಗಾಲಲ್ಲಿ ನಿಂತಿರುತ್ತದೆ.

ಅದಕ್ಕೂ ಮೊದಲು ಸಣ್ಣ ಬ್ಯಾಂಡುಗಳ ಸರದಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬರುವ ಮೊದಲು ನಮ್ಮ ದೇಶದ ಇನ್ನರ್ ಸ್ಯಾಂಕ್ಟಮ್, ಸ್ಕ್ರೈಬ್ ಮುಂತಾದವರು ನುಡಿಸಿದರು. ಆಟದ ಶುರುವಿಗೆ ಬರುವ ಕೋಡಂಗಿ, ಬಾಲಗೋಪಾಲ ವೇಷ ಹಾಕಿ ಕಲಿತ ಹುಡುಗರೇ ಮುಂದೆ ಮೇಳದ ದೊಡ್ಡ ವೇಷಧಾರಿಗಳಾಗುವುದು. ಹಾಗಾಗಿ ಮೊದಲ ಬ್ಯಾಂಡ್ ಬಂದಾಗ ಚಿಪ್ಸ್ ತಿನ್ನಲು ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಸಲ ದೆಹಲಿ ಕಡೆಯವರ ಗತಿ ನೋಡಿ. ಎರಡು ದಿನ ಮೊದಲು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಶೋ, ಜನ ಮೈದಾನದಲ್ಲಿ ನಿಂತಿದ್ದಾಗಲೇ ರದ್ದಾಯಿತು. ಬ್ಯಾರಿಕೇಡ್ ಮುರಿದಿತ್ತು. ಟಿಕೆಟ್ ಹಿಡಿದವರು ಸಿಟ್ಟಿನಿಂದ ಸ್ಟೇಜಿನ ಸಾಮಾನು ಪುಡಿ ಮಾಡಿದರು. ಆ ಸುದ್ದಿ ಓದಿಕೊಂಡೇ ನಾವು ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿದ್ದು. ಮೆಟಾಲಿಕಾ ಸ್ಟೇಜಿನ ಮೇಲೆ ಕಾಣುವವರೆಗೆ ಯಾರೂ ನಂಬಿರಲಿಲ್ಲ.

ಗೇಟಿನ ತಪಾಸಣೆಯಲ್ಲಿ ಕಾಸರಗೋಡಿನವರಿಗೆ ಒಂದು ಕಷ್ಟ ಉಂಟು. ನಮಗೆ ಕೊಡೆ ಇಲ್ಲದೆ ಹೊರಟು ಅಭ್ಯಾಸವಿಲ್ಲ. ಕೊಡೆ ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ ಬಿಡುವುದಿಲ್ಲ. ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳವನ್ನು ಸೆಕ್ಯುರಿಟಿಯವನು ಬೆಳಕಿಗೆ ಹಿಡಿದು ನೋಡಿದ. ಒಂದು ಮುರಿದು ತಿಂದು ತೋರಿಸು ಅಂದ. ತಿಂದೆ. ಅವನಿಗೂ ಒಂದು ಕೊಟ್ಟೆ. ಆಮೇಲೆ ಬಿಟ್ಟ. ಒಳಗೆ ದುಡ್ಡು ನಡೆಯುವುದಿಲ್ಲ, ಕೈಗೊಂದು ಪಟ್ಟಿ ಕಟ್ಟಿ ಅದಕ್ಕೆ ದುಡ್ಡು ತುಂಬಿಸಬೇಕು. ರಾತ್ರಿ ಉಳಿದ ದುಡ್ಡು ವಾಪಸ್ ಕೇಳಿದರೆ ಕೌಂಟರ್ ಮುಚ್ಚಿರುತ್ತದೆ. ಆ ಪಟ್ಟಿಯೊಳಗೆ ನನ್ನದೊಂದು ಕಾಫಿಯ ದುಡ್ಡು ಈಗಲೂ ಉಂಟು.

ಎಲ್ಲಿ ನಿಲ್ಲಬೇಕು ಅನ್ನುವುದು ದೊಡ್ಡ ಚರ್ಚೆ. ಹುಡುಗರು ಸ್ಟೇಜಿನ ಎದುರಿನ ಕಂಬಿಗೆ ಅಂಟಿಕೊಳ್ಳುತ್ತಾರೆ. ಅಲ್ಲಿ ಹಾಡುಗಾರನ ಬೆವರು ಕಾಣುತ್ತದೆ, ಹಾಡು ಸರಿಯಾಗಿ ಕೇಳುವುದಿಲ್ಲ. ತೀರಾ ಹಿಂದೆ ಹೋದರೆ ಇನ್ನೊಂದು ತಮಾಷೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ. ನೂರು ಮೀಟರ್ ಹಿಂದೆ ನಿಂತರೆ ಡ್ರಮ್ಮರನ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಪೆಟ್ಟು ಆಮೇಲೆ ಬರುತ್ತದೆ. ಅದಕ್ಕೇ ದೊಡ್ಡ ಮೈದಾನಗಳಲ್ಲಿ ನಡುನಡುವೆ ಸ್ಪೀಕರಿನ ಗೋಪುರ ನಿಲ್ಲಿಸಿ, ಸ್ಟೇಜಿನಿಂದ ಬರುವ ಶಬ್ದದ ಜೊತೆ ಸೇರುವ ಹಾಗೆ ಒಂದಿಷ್ಟು ತಡ ಮಾಡಿ ಬಿಡುತ್ತಾರೆ. ನನ್ನ ಜಾಗ ಸೌಂಡ್ ಮಿಕ್ಸ್ ಮಾಡುವವನ ಟೆಂಟಿನ ಎದುರು. ಅವನು ತನ್ನ ಕಿವಿಗೆ ಸರಿ ಕಂಡದ್ದನ್ನು ಮಾಡುತ್ತಾನೆ, ಅವನ ಕಿವಿ ಇರುವುದು ಅಲ್ಲಿ. ಹತ್ತಿಯ ಬದಲು ಒಳ್ಳೆಯ ಇಯರ್ ಪ್ಲಗ್ ಇಟ್ಟುಕೊಳ್ಳಿ. ಮರುದಿನ ಕಿವಿಯೊಳಗೆ ಗುಂಯ್ ಅನ್ನುವುದು ಹೆಮ್ಮೆಯ ವಿಷಯ ಅಂತ ಇಪ್ಪತ್ತರ ಪ್ರಾಯದಲ್ಲಿ ಅನಿಸುತ್ತದೆ, ನಲವತ್ತರಲ್ಲಿ ಅನಿಸುವುದಿಲ್ಲ.

ಮುಂದೆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವ ಜಾಗಕ್ಕೆ ಪಿಟ್ ಅನ್ನುತ್ತಾರೆ. ದೂರದಿಂದ ನೋಡಿದರೆ ಹೊಡೆದಾಟ. ಹತ್ತಿರ ಹೋದರೆ ಅಲ್ಲೊಂದು ಶಿಸ್ತು ಉಂಟು. ಯಾರಾದರೂ ಬಿದ್ದರೆ ಸುತ್ತ ಇದ್ದವರು ಕೈ ಅಡ್ಡ ಹಿಡಿದು ನಿಲ್ಲುತ್ತಾರೆ, ಎತ್ತಿ ನಿಲ್ಲಿಸಿ, ಬೆನ್ನು ತಟ್ಟಿ, ಮತ್ತೆ ಕುಣಿಯುತ್ತಾರೆ. ಒಮ್ಮೆ ಗಿಟಾರ್ ಕಿರುಚುತ್ತಿರುವಾಗ ಪಿಟ್ಟಿನ ನಡುವಿನಿಂದ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಒಂಟಿ ಶೂ. ಎಡಗಾಲಿನದ್ದು, ಲೇಸ್ ಬಿಚ್ಚಿತ್ತು, ಅಡಿಯಲ್ಲಿ ಕೆಂಪು ಮಣ್ಣು. ಹಿಡಿದವನು ಕುಣಿಯುತ್ತಲೇ ಇದ್ದ, ಶೂ ಮಾತ್ರ ಅಲ್ಲಾಡದ ಹಾಗೆ ಎತ್ತಿ ಹಿಡಿದಿದ್ದ. ಹಾಡು ಮುಗಿಯುವುದರೊಳಗೆ ಒಂಟಿ ಕಾಲಲ್ಲಿ ಕುಂಟುತ್ತಾ ಒಬ್ಬ ಬಂದು ಇಸಿದುಕೊಂಡ. ಇಬ್ಬರೂ ತಬ್ಬಿಕೊಂಡರು. ಹೆಸರು ಕೇಳಿಕೊಳ್ಳಲಿಲ್ಲ.

ಎಲ್ಲಾ ಕಡೆ ಹೀಗಿರುವುದಿಲ್ಲ. 2023ರ ನವೆಂಬರಿನಲ್ಲಿ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಸಂಗೀತ ಕಾರ್ಯಕ್ರಮ ಶುರುವಾಗುವ ಮೊದಲೇ ನೂಕುನುಗ್ಗಲಾಗಿ, ಮೆಟ್ಟಿಲಲ್ಲಿ ಬಿದ್ದು ನಾಲ್ಕು ಜನ ತೀರಿಕೊಂಡರು. ಅಂದಿನಿಂದ ಎಲ್ಲಿಗೆ ಹೋದರೂ ಹೊರಗೆ ಹೋಗುವ ದಾರಿ ಎಷ್ಟು, ಎಲ್ಲೆಲ್ಲಿ ಅಂತ ನಾನು ಮೊದಲು ನೋಡಿಕೊಳ್ಳುತ್ತೇನೆ. ನೀವೂ ನೋಡಿಕೊಳ್ಳಿ.

ಈಗ ಮಾವನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಹೇಳುತ್ತೇನೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಮೊದಲ ಸಲ ಭಾರತಕ್ಕೆ, ಅರಮನೆ ಮೈದಾನಕ್ಕೆ ಬಂತು. ಅವರದ್ದೊಂದು ಹಾಡಿದೆ, ಕತ್ತಲೆಯ ಭಯದ್ದು. ಶುರುವಿನಲ್ಲಿ ಗಿಟಾರ್ ಮಾತ್ರ, ಮಾತಿಲ್ಲ. ಜನ ಏನು ಮಾಡುತ್ತಾರೆ ಗೊತ್ತಾ? ಆ ಗಿಟಾರನ್ನೇ ಹಾಡುತ್ತಾರೆ. ಓ ಓ ಓ ಅಂತ ಸಾವಿರಾರು ಗಂಟಲು ಸೇರಿ ಒಂದು ವಾದ್ಯದ ಸ್ವರ ಹಾಡುವುದು. ಮೊಬೈಲಿನಲ್ಲಿರುವ ಹಾಡಿನಲ್ಲಿ ಈ ದನಿ ಇಲ್ಲ, ಏಕೆಂದರೆ ಅದರಲ್ಲಿ ನಾನಿಲ್ಲ. ನನಗೆ ಶ್ರುತಿ ಇಲ್ಲ ಅಂತ ಶಾಲೆಯಲ್ಲಿ ನಾಡಗೀತೆಯ ಸಾಲಿನಿಂದಲೇ ಹೊರಗೆ ನಿಲ್ಲಿಸಿದ್ದರು. ಅಲ್ಲಿ ಯಾರೂ ನಿಲ್ಲಿಸಲಿಲ್ಲ. ಗೊತ್ತಿದ್ದ ಹಾಡಿಗೇ ಹೋಗಬೇಕು. ಗೊತ್ತಿಲ್ಲದ ಹಾಡನ್ನು ಜೊತೆಗೆ ಹಾಡುವುದು ಹೇಗೆ?

ಈಗಂತೂ ಪ್ರತಿಯೊಬ್ಬರ ಕೈಯಲ್ಲಿ ಮೊಬೈಲು ಮೇಲಿರುತ್ತದೆ. ಮಾವನ ಟೇಪ್ ರೆಕಾರ್ಡರನ್ನು ಹೊಗಳಿ ಇದನ್ನು ಬೈದರೆ ನ್ಯಾಯವಲ್ಲ, ಆದರೂ ಬೈಯುತ್ತೇನೆ. ಟೇಪ್ ರೆಕಾರ್ಡರ್ ನೆಲದ ಮೇಲಿತ್ತು, ನನ್ನ ಕಣ್ಣಿಗೆ ಅಡ್ಡ ಬರುತ್ತಿರಲಿಲ್ಲ.

ಬೇಗ ಮುಗಿಯುವುದೊಂದೇ ಬೇಸರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ 2000ದ ನಿಯಮ ಉಂಟು. ಅದರಿಂದ ಆಟವೂ ಅನೇಕ ಕಡೆ ಕಾಲಮಿತಿಗೆ ಬಂತು, ನಮ್ಮ ರಾಕ್ ಶೋಗಳೂ ಹತ್ತಕ್ಕೆ ಮುಗಿಯುತ್ತವೆ. ಹೊರದೇಶದಲ್ಲೂ ಹೀಗೇ. 2012ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ಪಾಲ್ ಮೆಕಾರ್ಟ್ನಿ ಹಾಡಿ ಮುಗಿಸಿ ಜನರಿಗೆ ವಂದನೆ ಹೇಳುವಷ್ಟರಲ್ಲಿ, ಹೊತ್ತಾಯಿತೆಂದು ಮೈಕ್ ಬಂದ್ ಮಾಡಿದರಂತೆ. ಅಂಥವರಿಗೇ ಹೀಗಾದರೆ ಉಳಿದವರ ಮಾತೇನು! ನಮ್ಮ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಕಾಸರಗೋಡಿಗೆ ಬರುವ ಗಾಡಿ ಬೆಂಗಳೂರು ಬಿಡುವುದೇ ರಾತ್ರಿ ಒಂಬತ್ತೂವರೆ ಸುಮಾರಿಗೆ. ಅಂದರೆ ಎಲ್ಲರೂ ಕಾಯುವ ಹಾಡು ಶುರುವಾಗುವ ಹೊತ್ತು. ಗಾಡಿ ಬೇಕೋ, ಹಾಡು ಬೇಕೋ? ಬ್ಯಾಂಡಿನವರು ಟಾಟಾ ಮಾಡಿ ಒಳಗೆ ಹೋದಾಗ ಮೈದಾನದ ದೀಪ ಹತ್ತಿತೇ ನೋಡಬೇಕು. ಹತ್ತದಿದ್ದರೆ ಅವರು ಮತ್ತೆ ಬರುತ್ತಾರೆ ಅಂತ ಲೆಕ್ಕ. ನಾವು ಒನ್ಸ್ ಮೋರ್ ಅಂತ ಕೂಗುವುದು ಸುಮ್ನೆ ಒಂದು ಮರ್ಯಾದೆ. ನಾನು ಪ್ರತಿ ಸಲ ಹಾಡಿನ ಕಡೆಗೇ ನಿಂತು, ಗಾಡಿ ಬಿಟ್ಟು, ನಡುರಾತ್ರಿಯ ಬಸ್ಸು ಹುಡುಕಿದ್ದೇನೆ.

ತೆಂಕಣಕ್ಕೆ ಹೋದರೆ ಈ ತೊಂದರೆ ಕಡಿಮೆ. ಕೊಚ್ಚಿಗೋ ತೃಶ್ಶೂರಿಗೋ ಗಾಡಿ ಬೇಕಾದಷ್ಟು. ಅವಿಯಲ್ ಬ್ಯಾಂಡಿನವರು ನಾರಾಯಣ ಗುರುಗಳ ಕುಂಡಲಿನಿ ಪಾಟ್ಟನ್ನು ಎಲೆಕ್ಟ್ರಿಕ್ ಗಿಟಾರಿನ ಮೇಲೆ ಹಾಡಿದಾಗ ಮಲಯಾಳಿ ಹುಡುಗರ ಜೊತೆ ನಾನೂ ಕೂಗುತ್ತೇನೆ. ಘಾಟಿ ಹತ್ತಿದರೆ ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಶಿಶುನಾಳ ಶರೀಫರನ್ನು ಹಾಡುತ್ತಾರೆ. ಅಲ್ಲೂ ಕೂಗುತ್ತೇನೆ. ಗಡಿಯಲ್ಲಿ ಹುಟ್ಟಿದವನಿಗೆ ಇಷ್ಟಾದರೂ ಲಾಭ ಬೇಡವೇ! ಬೇಕಲದ ಕಡಲ ತೀರದಲ್ಲಿ ಬೀಚ್ ಫೆಸ್ಟಿವಲ್ ಆದಾಗ ಮಾವನನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಅವರು ಕಡೆಯವರೆಗೂ ಕೂತರು. ತೂಕಡಿಸಲಿಲ್ಲ. "ಚೆಂಡೆಯವನಿಗೆ ಕೈ ಉಂಟು. ಆದ್ರೆ ಭಾಗವತನ ಮಾತು ಕೇಳುದಿಲ್ಲ" ಅಂದರು. ಆ ಡ್ರಮ್ಮರನ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಮುಂದಿನ ಶೋಗೆ ಟಿಕೆಟ್ ಸಿಕ್ಕಿದೆ. ಆನ್‌ಲೈನ್ ಕ್ಯೂನಲ್ಲಿ ನನ್ನ ಮುಂದೆ ಎಷ್ಟು ಸಾವಿರ ಜನ ಇದ್ದರು ಅಂತ ಹೇಳಿದರೆ ಮನೆಯಲ್ಲಿ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ, ಹಾಗಾಗಿ ಹೇಳಿಲ್ಲ. ರೈಲಿನ ಚಿಂತೆ ಈ ಸಲ ಬೇಡ ಅಂತ ಉಂಟು. ನೀರ್ಚಾಲು, ಬದಿಯಡ್ಕ ಕಡೆಯಿಂದ ಪುತ್ತೂರು ದಾರಿಯಾಗಿ ಕಾರಿನಲ್ಲಿ ಹೋಗುವವರು ಯಾರಾದರೂ ಇದ್ದು, ಒಂದು ಸೀಟು ಖಾಲಿ ಇದ್ದರೆ ಹೇಳಿ. ಪೆರ್ಲ ಪೇಟೆಯಲ್ಲಿ ಎಡ್ಡಿಯ ಟೀ ಶರ್ಟ್ ಹಾಕಿಕೊಂಡು ನಿಂತಿರುತ್ತೇನೆ, ಗುರುತು ಹಿಡಿಯುವುದು ಕಷ್ಟವಲ್ಲ. ಪೆಟ್ರೋಲಿನ ಪಾಲು ಕೊಡುತ್ತೇನೆ, ಹಪ್ಪಳವೂ ಉಂಟು. ಕಾರಿನಲ್ಲಿ ಹಾಡು ಮಾತ್ರ ನಾನು ಹೇಳಿದ್ದನ್ನೇ ಹಾಕಬೇಕು.