ಮೂರು ತಿಂಗಳು ಬಳಚು ಸಿಗದ ಊರಿನಿಂದ

ಹೋದ ಜನವರಿಯಲ್ಲಿ ಊರಿಂದ ಹೊರಡುವಾಗ ಚಿಕ್ಕಿ ಒಂದು ಚೀಲ ಕೈಗಿಟ್ಟಳು. ಬಳಚು, ಹೊಳೆಯ ಮರಳಲ್ಲಿ ಸಿಗುವ ಚಿಪ್ಪುಜೀವಿ. ಬೆಳಿಗ್ಗೆ ಇಳಿತದ ಹೊತ್ತಿಗೆ ಅವಳೇ ಹೊಳೆಗೆ ಇಳಿದು ತೆಗೆದದ್ದು. "ಅಲ್ಲೆಲ್ಲ ನಿಂಗೆ ಸಿಗುದಿಲ್ಲ ತಮಾ, ತಕಂಡ್ ಹೋಗು" ಅಂದಳು. ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಕುಮಟಾದಲ್ಲಿ ರಾತ್ರಿ ನೇತ್ರಾವತಿ ರೈಲು ಹತ್ತಿದೆ. ಮರುದಿನ ಸಂಜೆ ಕೊಲ್ಲಂನ ಮನೆಯಲ್ಲಿ ಚೀಲ ಬಿಚ್ಚಿದಾಗ ನನಗೂ ಹೆಂಡತಿಗೂ ಮಾತೇ ಹೊರಡಲಿಲ್ಲ.

ಅರ್ಧಕ್ಕರ್ಧ ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕವು. ಮೆಟ್ಟುಗತ್ತಿಗೆ ಇಟ್ಟು ಒಡೆಯಲೂ ಹಿಡಿತ ಸಿಗುತ್ತಿರಲಿಲ್ಲ. ಕೊನೆಗೆ ಬೇಯಿಸಿ ಬಾಯಿ ಬಿಡಿಸಿದೆವು. ಒಳಗೆ ನೆನೆಸಿದ ಅವಲಕ್ಕಿ ಕಾಳಿನಷ್ಟು ಮಾಂಸ. ಒಂದು ಚೀಲ ಬಳಚಿಗೆ ಒಂದು ಸಣ್ಣ ಬಟ್ಟಲು ತುಂಬಲಿಲ್ಲ. ನಾನು ಚಿಕ್ಕವನಿದ್ದಾಗ ಅಮ್ಮ ಸುಕ್ಕ ಮಾಡಿದರೆ ಒಂದು ಚಿಪ್ಪಿನ ತುಂಬ ಮಾಂಸ ಇರುತ್ತಿತ್ತು. ಗಂಜಿಯ ಜೊತೆ ಹತ್ತು ಚಿಪ್ಪು ತಿಂದರೆ ಹೊಟ್ಟೆ ತುಂಬುತ್ತಿತ್ತು.

ನಾನು ಕೊಲ್ಲಂಗೆ ಬಂದು ಎಂಟು ವರ್ಷವಾಯಿತು. ಗೋಡಂಬಿ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಇಲ್ಲಿ ಅಷ್ಟಮುಡಿ ಇದೆ. ಸಮುದ್ರಕ್ಕೆ ಸೇರಿದ ದೊಡ್ಡ ಹಿನ್ನೀರು, ಮಲಯಾಳದಲ್ಲಿ ಇದಕ್ಕೆ 'ಕಾಯಲು' ಅನ್ನುತ್ತಾರೆ. ಉಪ್ಪುನೀರು, ತೆಂಗು, ದೋಣಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ. ಮೊದಲ ಸಲ ನೋಡಿದಾಗ ನಮ್ಮೂರಿನ ಅಘನಾಶಿನಿ ಹೊಳೆಯನ್ನೇ ಯಾರೋ ಎತ್ತಿ ತಂದು ಇಲ್ಲಿ ಹರಡಿದ ಹಾಗೆ ಅನಿಸಿತ್ತು. ಬಳಚೂ ಅದೇ. ಇವರು ಕಕ್ಕ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಬಂದ ಮೊದಲ ಡಿಸೆಂಬರ್‌ನಲ್ಲಿ ಬಾಗಿಲಿಗೆ ಮೀನು ತರುವ ಚೇಚಿಯ (ಇಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ) ಹತ್ತಿರ ಕಕ್ಕ ಕೇಳಿದೆ. ಇಲ್ಲ ಅಂದಳು. ನಾಳೆ ತರ್ತೀರಾ ಅಂದೆ. ಮಾರ್ಚ್‌ವರೆಗೆ ಇಲ್ಲ ಅಂದಳು. ನನಗೆ ಅರ್ಥವಾಗಲಿಲ್ಲ. ಕಾಯಲು ಕಣ್ಣೆದುರೇ ಇದೆ, ಕಕ್ಕ ಅದರಲ್ಲೇ ಇದೆ, ತೆಗೆಯುವುದಕ್ಕೆ ಏನು ಕಷ್ಟ? "ಈಗ ಅದು ಮರಿ ಹಾಕುವ ಕಾಲ" ಅಂದಳು. ಆ ಮಾತನ್ನು ಅವಳು ಹೇಳಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಮನೆಯಲ್ಲಿ ಬಾಣಂತಿ ಇದ್ದಾಳೆ, ಮೆಲ್ಲಗೆ ಮಾತಾಡಿ ಅನ್ನುತ್ತೇವಲ್ಲ, ಹಾಗೆ.

ಆಮೇಲೆ ಕಾಯಲಿನ ದಂಡೆಯ ದಳವಾಪುರಂ ಕಡೆ ಹೋದಾಗ ಕಕ್ಕ ತೆಗೆಯುವ ಒಬ್ಬ ಚೇಟನ್, ಅಂದರೆ ಅಣ್ಣ, ಪರಿಚಯವಾದರು. ತಮ್ಮ ಬಲೆ ತೋರಿಸಿದರು. ಅದರ ಕಣ್ಣು 30 ಮಿಲಿಮೀಟರ್. ಅದಕ್ಕಿಂತ ಚಿಕ್ಕ ಕಣ್ಣಿನ ಬಲೆ ಹಾಕುವ ಹಾಗಿಲ್ಲ. ದೋಣಿಯಲ್ಲಿದ್ದ ಒಂದು ಸಣ್ಣ ಕಕ್ಕವನ್ನು ಎತ್ತಿ ಬಲೆಯ ಮೇಲಿಟ್ಟರು. ಅದು ಕಣ್ಣಿನಿಂದ ಜಾರಿ ಟಪ್ ಅಂತ ನೀರಿಗೆ ಬಿತ್ತು. "ಇದು ಮುಂದಿನ ವರ್ಷದ್ದು" ಅಂದರು. ಯಂತ್ರ ಹಾಕಿ ತೆಗೆಯುವುದೂ ಇಲ್ಲಿ ನಿಷೇಧ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಕ್ಕದ ಕೆಲಸವೇ ಬಂದ್.

ಇವರಿಗೆ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾ ಕಡೆಯಿಂದ ಬೇಡಿಕೆ ಬಂದಾಗ ಇವರೂ ಸಿಕ್ಕಷ್ಟು ಬಾಚಿದರು. 1991ರಲ್ಲಿ ವರ್ಷಕ್ಕೆ 10 ಸಾವಿರ ಟನ್‌ವರೆಗೆ ಹೋದ ಕಕ್ಕ, 1993ಕ್ಕೆ ಅರ್ಧಕ್ಕೆ ಇಳಿಯಿತು. ಆಗ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದಾರಿ ಹೇಳಿದರು, ಕಟ್ಟುಪಾಡು ಬಂತು, ಜನ ಒಪ್ಪಿದರು. ಕಕ್ಕ ತಿರುಗಿ ಬಂತು. 2014ರಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇವರು ಮುಂದಿನವರಿಗೂ ಉಳಿಯುವ ಹಾಗೆ ಕಕ್ಕ ತೆಗೆಯುತ್ತಾರೆ ಎಂದು ಪ್ರಮಾಣಪತ್ರ ಕೊಟ್ಟಿತು. ಭಾರತದಲ್ಲಿ ಅದನ್ನು ಮೊದಲು ಪಡೆದವರು ಇವರೇ. ಆ ಕೊಚ್ಚಿ ಸಂಸ್ಥೆಯದೇ ಒಂದು ಕೇಂದ್ರ ನಮ್ಮ ಕಾರವಾರದಲ್ಲೂ ಇದೆ. ನಮಗೆ ದೂರದ್ದೇನಲ್ಲ.

ನಮ್ಮ ಹೊಳೆ ಏನು ಕಡಿಮೆಯದಾ? ಭಾರತೀಯ ವಿಜ್ಞಾನ ಸಂಸ್ಥೆಯವರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಅಘನಾಶಿನಿ ಅಳಿವೆಯಲ್ಲಿ ವರ್ಷಕ್ಕೆ 22 ಸಾವಿರ ಟನ್‌ನಷ್ಟು ಬಳಚು, ಚಿಪ್ಪಿಕಲ್ಲು ಸಿಗುತ್ತಿತ್ತು. 2,300ಕ್ಕೂ ಹೆಚ್ಚು ಜನ ಅದನ್ನೇ ನಂಬಿದ್ದರು. ಅಷ್ಟಮುಡಿಯ ಎರಡು ಪಾಲು! ನಮ್ಮ ಮನೆಯಲ್ಲಿ ಯಾರೂ ಆ ಲೆಕ್ಕ ಓದಿಲ್ಲ. ಆದರೆ ಚಿಕ್ಕಿ ಮಗಳ ಮದುವೆಗೆ ಕಿವಿಗೆ ಬಂಗಾರ ಮಾಡಿಸಿದ್ದು ಬಳಚಿನ ದುಡ್ಡಲ್ಲೇ.

ಈಗ ಅದೇ ಚಿಕ್ಕಿ ಸೊಂಟದ ನೀರಲ್ಲಿ ಮೂರು ತಾಸು ನಿಂತು ಉಗುರಿನಷ್ಟು ಬಳಚು ತೆಗೆಯುತ್ತಾಳೆ. ಸಣ್ಣದನ್ನು ಯಾಕೆ ತೆಗೀತೆ, ಬಿಡು ಅಂದರೆ ಒಂದೇ ಉತ್ತರ. "ನಾ ಬಿಟ್ರೆ ಆಚೆ ಕೇರಿಯವ್ರು ತೆಗಿತಾರೆ." ಆಚೆ ಕೇರಿಗೆ ಹೋಗಿ ಕೇಳಿದರೂ ಇದೇ ಮಾತು. ಹೊಳೆ ಎಲ್ಲರದ್ದು ಅಂದಮೇಲೆ ಕಾಯುವವರು ಯಾರೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಯಾಕೆಂದರೆ ಸಮುದ್ರದ ವಿಷಯದಲ್ಲಿ ನಮ್ಮವರು ಹೀಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲರ್‌ಗಳು ತದಡಿ ಬಂದರಿನಲ್ಲೇ ನಿಲ್ಲುತ್ತವೆ. ಸರ್ಕಾರ ಹೇಳುವುದಕ್ಕೂ ಎಷ್ಟೋ ಮೊದಲಿನಿಂದ ನೂಲು ಹುಣ್ಣಿಮೆಗೆ ಕಾಯಿ ಬಿಟ್ಟಮೇಲೆಯೇ ದೋಣಿ ಇಳಿಸುತ್ತಿದ್ದೆವು. ಅಜ್ಜ ಇದನ್ನು ಕಾನೂನು ಅನ್ನುತ್ತಿರಲಿಲ್ಲ. "ಅದು ಅವ್ಳ ದಿನ" ಅನ್ನುತ್ತಿದ್ದ. ಸಮುದ್ರಕ್ಕೆ ದಿನ ಬಿಟ್ಟುಕೊಡಲು ಬಂದವರಿಗೆ ಹೊಳೆಗೆ ಬಿಟ್ಟುಕೊಡಲು ಬರುವುದಿಲ್ಲವಾ?

ಬರೀ ಬಳಚು ತೆಗೆದದ್ದರಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ರಾತ್ರಿ ಹೊತ್ತು ಮರಳು ತೆಗೆದು ಹೊಳೆಯ ತಳ ಕೆದರಿದರು. ಬಳಚು ಕೂರುವುದೇ ಆ ಮರಳಲ್ಲಿ. ಸುಣ್ಣಕ್ಕೆ, ಕಾರ್ಖಾನೆಗೆ ಅಂತ ತಳದ ಸತ್ತ ಚಿಪ್ಪನ್ನೂ ಬಗೆದರು. ಹೊಳೆಯಂಚಿನ ಉಪ್ಪುನೀರಿನ ಭತ್ತದ ಗದ್ದೆ, ಅಂದರೆ ಗಜನಿ, ಸಿಗಡಿ ಕೆರೆಯಾಯಿತು. ದೊಡ್ಡ ನೆರೆ ಬಂದರೆ ಸಿಹಿನೀರು ತುಂಬಿ ಬಳಚು ರಾಶಿ ರಾಶಿ ಸಾಯುತ್ತದೆ. ಬಳಚು ನೀರು ಸೋಸುವ ಜೀವಿ. ಅದು ಕಡಿಮೆಯಾದ ಹಾಗೆ ನೀರು ಕೆಡುತ್ತದೆ, ನೀರು ಕೆಟ್ಟ ಹಾಗೆ ಅದು ಇನ್ನೂ ಕಡಿಮೆಯಾಗುತ್ತದೆ. ಇಳಿತದಲ್ಲಿ ಅದನ್ನು ಹುಡುಕಿಕೊಂಡು ಬರುವ ಹಕ್ಕಿಗಳ ಹೊಟ್ಟೆಗೂ ಇದೇ ಏಟು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪೇಪರಿನಲ್ಲಿ ಓದಿ ಎಷ್ಟು ಖುಷಿಪಟ್ಟಿದ್ದೆ! ಊರಿಗೆ ಹೋದಾಗ ಕೇಳಿದರೆ ನಮ್ಮ ಕೇರಿಯಲ್ಲಿ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಅವರ ಹತ್ತಿರ ಬಂದು ಕೂತು ಮಾತಾಡಿದವರೂ ಇಲ್ಲವಂತೆ.

ಇದನ್ನೆಲ್ಲ ಫೋನಲ್ಲಿ ಮಾವನ ಹತ್ತಿರ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬರ್ತದೆ ಅಂದಾಗ ರಸ್ತೆಗೆ ಇಳಿದವ್ರು ಯಾರು? ನಿನ್ನ ಕೊಲ್ಲಂನವ್ರಾ?" ಅಂದರು. ಅದು ಸತ್ಯ. ಆ ಸ್ಥಾವರ ಬರಲಿಲ್ಲ. ಅಘನಾಶಿನಿಗೆ ಇವತ್ತಿಗೂ ಒಂದು ದೊಡ್ಡ ಅಣೆಕಟ್ಟಿಲ್ಲ. ಅಷ್ಟಮುಡಿಯ ನೀರಿನಲ್ಲಿ ನಾನು ಕಾಲಿಡಲು ಹಿಂದೆ ಮುಂದೆ ನೋಡುವ ಜಾಗಗಳಿವೆ. ಊರಿನ ಕೊಳಚೆ, ಪ್ಲಾಸ್ಟಿಕ್, ಬೋಟಿನ ಎಣ್ಣೆ. ಈಚೆಗೆ ಅಮೆರಿಕ ಖಂಡದ ಕಡೆಯ ಒಂದು ಜಾತಿಯ ಕಲ್ಲುಚಿಪ್ಪು ಇಲ್ಲಿ ಸೇರಿಕೊಂಡು ಎಲ್ಲ ಕಡೆ ಮುತ್ತಿಕೊಂಡಿದೆ. ಕಕ್ಕ ಮೊದಲಿನಷ್ಟಿಲ್ಲ ಅಂತ ಚೇಟನ್ ಕೂಡ ಹೇಳುತ್ತಾರೆ. ಮರಿ ತಂದು ಕಾಯಲಿಗೆ ಬಿಡುವ ಪರಿಸ್ಥಿತಿ ಬಂದಿದೆ. ಕಟ್ಟುಪಾಡು ಒಂದಿದ್ದರೆ ಸಾಕು ಅಂತ ನಾನು ಹಿಂದೆ ಅಂದುಕೊಂಡಿದ್ದೆ, ಸಾಲುವುದಿಲ್ಲ.

ಚಿಕ್ಕಿಯ ಪ್ರಶ್ನೆ ಇನ್ನೂ ಗಟ್ಟಿ. "ಆ ಮೂರು ತಿಂಗ್ಳು ಅವ್ರು ಹೊಟ್ಟೆಗೆ ಎಂತ ಮಾಡ್ತಾರೆ?" ಎಂಟು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ. ಹೋಗಿ ಕೇಳಿದೆ. ಚೇಟನ್ ಆ ಹೊತ್ತಿಗೆ ಬೇರೆಯವರ ದೋಣಿಯಲ್ಲಿ ಮೀನಿಗೆ ಹೋಗುತ್ತಾರೆ. ಹೆಂಡತಿ ಗೋಡಂಬಿ ಕಾರ್ಖಾನೆಗೆ ಹೋಗುತ್ತಾಳೆ. ನಮ್ಮ ಕೇರಿಯ ಹೆಂಗಸರಿಗೆ ಹೊಳೆ ಬಿಟ್ಟರೆ ಹತ್ತಿರದಲ್ಲಿ ಅಂಥ ಕೆಲಸ ಕಡಿಮೆ. ಸಮುದ್ರಕ್ಕೆ ಹೋಗುವ ಗಂಡಸರ ಬಗ್ಗೆಯಾದರೂ ಆಗಾಗ ಮಾತಾಗುತ್ತದೆ, ಬಳಚು ತೆಗೆಯುವ ಹೆಂಗಸರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಹೊಳೆಗೆ ರಜೆ ಕೊಡಿ ಅನ್ನುವ ಮೊದಲು ಅವರಿಗೆ ಆ ಮೂರು ತಿಂಗಳ ಅಕ್ಕಿ ಕೊಡಬೇಕು.

ಇಷ್ಟೆಲ್ಲ ಒಪ್ಪಿಕೊಂಡರೂ ಆ ಬಲೆಯ ಕಣ್ಣಿನಿಂದ ಜಾರಿ ನೀರಿಗೆ ಬಿದ್ದ ಕಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ಸಣ್ಣದನ್ನು ಬಿಡುವುದಕ್ಕೆ ಅಕ್ಕಿಯೂ ಬೇಡ, ಆದೇಶವೂ ಬೇಡ. ಎರಡು ಕೇರಿಯವರು ಒಂದು ಸಂಜೆ ಒಟ್ಟಿಗೆ ಕೂತರೆ ಆಗುವ ಕೆಲಸ.

ಮುಂದಿನ ತಿಂಗಳು ಮತ್ತೆ ಊರಿಗೆ ಹೊರಟಿದ್ದೇನೆ. ಚೇಟನ್ ತಮ್ಮ ಹಳೆ ಬಲೆಯ ಒಂದು ತುಂಡು ಕೊಟ್ಟಿದ್ದಾರೆ, ಚೀಲದಲ್ಲಿಟ್ಟುಕೊಂಡಿದ್ದೇನೆ. ಚಿಕ್ಕಿಗೆ ಫೋನ್ ಮಾಡಿ, ಈ ಸಲ ಬಳಚು ಬೇಡ, ಮುರುಗಲ ಹುಳಿ ಕಟ್ಟಿಡು ಅಂದೆ. "ಬಳಚು ಬೇಡ್ವಾ? ಜ್ವರ ಗಿರ ಬಂತೇನಾ ನಿಂಗೆ?" ಅಂದಳು. ಬಂದು ಹೇಳುತ್ತೇನೆ ಅಂದಿದ್ದೇನೆ.