ಪೆನ್‌ಡ್ರೈವ್ ಹಾಗೇ ಕಿತ್ತರೆ ಏನೂ ಆಗಲ್ವಾ? ಒಂದು ಸ್ಪಷ್ಟನೆ

‘ವಿಂಡೋಸ್‌ನಲ್ಲಿ ಈಗ ಪೆನ್‌ಡ್ರೈವನ್ನು ಯಾವಾಗ ಬೇಕಾದರೂ ಕೀಳಬಹುದು, ಉಳಿದದ್ದನ್ನು ಡ್ರೈವರ್ ನೋಡಿಕೊಳ್ಳುತ್ತದೆ’ ಎಂಬ ಮಾತು ಹರಿದಾಡುತ್ತಿದೆ. (ಡ್ರೈವರ್ ಅಂದರೆ ಪೆನ್‌ಡ್ರೈವ್‌ನಂಥ ಸಾಧನವನ್ನು ನಡೆಸುವ ಸಾಫ್ಟ್‌ವೇರ್.) ಇದು ಅರ್ಧ ಮಾತ್ರ ನಿಜ.

2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ‘ಕ್ವಿಕ್ ರಿಮೂವಲ್’ (ಬೇಗ ಕೀಳಲು ಅನುಕೂಲವಾಗುವ ಸೆಟ್ಟಿಂಗ್) ಡೀಫಾಲ್ಟ್ ಆಗಿರುವುದು ಹೌದು. ಅಂದರೆ ವಿಂಡೋಸ್ ಬರೆಯಬೇಕಾದ ಡೇಟಾವನ್ನು ಕೂಡಿಟ್ಟುಕೊಳ್ಳದೆ ಬೇಗ ಡ್ರೈವ್‌ಗೆ ಕಳಿಸುತ್ತದೆ. ಆದರೆ ಕಾಪಿ ನಡೆಯುತ್ತಿರುವಾಗಲೇ ಕಿತ್ತರೆ?

ಆಗ ಡ್ರೈವರ್‌ಗೆ ‘ಸರ್‌ಪ್ರೈಸ್ ರಿಮೂವಲ್’ (ಹೇಳದೆ ಕಿತ್ತಿದ್ದಾರೆ) ಎಂಬ ಸೂಚನೆ ಬರುತ್ತದೆ. ಅಷ್ಟರಲ್ಲಿ ಡ್ರೈವ್ ಹೋಗಿಯೇ ಬಿಟ್ಟಿರುತ್ತದೆ, ಬೇಡ ಅನ್ನಲು ಅವಕಾಶವೇ ಇಲ್ಲ. ಬಾಕಿ ಇರುವ ಓದುವ-ಬರೆಯುವ ಕೋರಿಕೆಗಳನ್ನೆಲ್ಲ ಡ್ರೈವರ್ ಎರರ್ ಕೊಟ್ಟು ಮುಗಿಸಬೇಕು, ಹೊಸದನ್ನು ತಗೊಳ್ಳಬಾರದು. ಒಳ್ಳೆಯ ಡ್ರೈವರ್ ಸಿಸ್ಟಮ್ ಕ್ರ್ಯಾಶ್ ಆಗದಂತೆ ಕಾಪಾಡುತ್ತದೆ. ಅರ್ಧ ಬರೆದ ಫೈಲನ್ನು ಪೂರ್ತಿ ಮಾಡಲು ಅದಕ್ಕೂ ಆಗಲ್ಲ.

‘ಎಜೆಕ್ಟ್’ ಒತ್ತಿದರೆ ಹಾಗಲ್ಲ. ತೆಗೆಯಬಹುದಾ ಅಂತ ಸಿಸ್ಟಮ್ ಮೊದಲೇ ಕೇಳುತ್ತದೆ. ಫೈಲ್ ಬಳಕೆಯಲ್ಲಿದ್ದರೆ ‘ಈಗ ಬೇಡ’ ಎಂಬ ಉತ್ತರ ಬರುತ್ತದೆ.

ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ಕಾಪಿ ಮುಗಿದಂತೆ ಕಂಡರೂ ಡೇಟಾ ಇನ್ನೂ ಮೆಮೊರಿಯಲ್ಲೇ ಇರಬಹುದು. ಅನ್‌ಮೌಂಟ್ (ಡ್ರೈವನ್ನು ಸಿಸ್ಟಮ್‌ನಿಂದ ಬಿಡಿಸುವ ಆಜ್ಞೆ) ಕೊಟ್ಟಾಗ ಕೆಲವೊಮ್ಮೆ ತಡವಾಗುವುದು ಸುಮ್ನೆ ಅಲ್ಲ, ನಿಮ್ಮ ಫೈಲ್ ಡ್ರೈವ್‌ಗೆ ಹೋಗುತ್ತಿರುವುದು ಆಗಲೇ. ದಯವಿಟ್ಟು ಅದು ಮುಗಿಯುವವರೆಗೆ ಕೀಳಬೇಡಿ.